ಕ್ರೂಸರ್ ಹಡಗಿನ ಸೇವಾ ಚರಿತ್ರೆಯನ್ನೂ ದೆವ್ವದ ಕಥೆಗಳನ್ನೂ ಪರಿಶೀಲಿಸುವ ಕ್ರಮ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿ ಪಟ್ಟಣದಲ್ಲಿ ಯು.ಎಸ್.ಎಸ್. ಸೇಲಂ ಎಂಬ, ಕ್ರೂಸರ್ ಬಗೆಯ ದೊಡ್ಡ ಸಮರನೌಕೆಯೊಂದು ವಸ್ತುಸಂಗ್ರಹಾಲಯವಾಗಿ ನಿಂತಿದೆ. ನಮ್ಮ ನೆರೆಯ ತಮಿಳುನಾಡಿನ ಸೇಲಂಗೂ ಇದಕ್ಕೂ ಸಂಬಂಧವಿಲ್ಲ. 1692ರಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ 19 ಮಂದಿಯನ್ನು ಗಲ್ಲಿಗೇರಿಸಿದ ಮ್ಯಾಸಚೂಸೆಟ್ಸಿನ ಸೇಲಂ ಪಟ್ಟಣದ ಹೆಸರನ್ನು ಈ ಹಡಗು ಹೊತ್ತಿದೆ. ಆ ಹೆಸರಿನ ಕಾರಣದಿಂದಲೇ ನಾವಿಕರು ಇದನ್ನು 'ಕಡಲ ಮಾಟಗಾತಿ' ಎಂದು ಕರೆದರು. ಇಂದು ಈ ಹಡಗನ್ನು ನೋಡಲು ಬರುವವರಲ್ಲಿ ಕೆಲವರು ಅದರ ಫಿರಂಗಿಗಳನ್ನು ನೋಡಲು ಬಂದರೆ, ಇನ್ನು ಕೆಲವರು ಅದರೊಳಗೆ ಅಲೆಯುತ್ತವೆ ಎನ್ನಲಾದ ಪ್ರೇತಗಳನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ಈ ಹಡಗು ತನ್ನ ಸೇವಾವಧಿಯಲ್ಲಿ ಶತ್ರುವಿನ ಮೇಲೆ ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ. ಕದನವನ್ನೇ ಕಾಣದ ಹಡಗಿನಲ್ಲಿ ಇಷ್ಟೊಂದು ದೆವ್ವಗಳು ಹೇಗೆ ನೆಲೆಸಿದವು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬೇಕಿದ್ದರೆ, ಸೇವಾ ಚರಿತ್ರೆಯನ್ನೂ ಹೇಳಿಕೆಯ ಕಥೆಗಳನ್ನೂ ಬೇರೆಬೇರೆಯಾಗಿ ಸಂಗ್ರಹಿಸಿ, ಅನಂತರ ಎದುರುಬದುರಾಗಿ ಇಟ್ಟು ನೋಡಬೇಕು. ಆ ಕೆಲಸವನ್ನು ಮಾಡುವ ಕ್ರಮವನ್ನು ಸೇಲಂ ಹಡಗನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಲಂಡನ್ನಿನ ಬೆಲ್‌ಫಾಸ್ಟ್, ಫಿಲಡೆಲ್ಫಿಯಾದ ಒಲಿಂಪಿಯಾ, ಬಫಲೋ ನಗರದ ಲಿಟಲ್ ರಾಕ್ ಮುಂತಾದ ಉಳಿದ ಕ್ರೂಸರುಗಳಿಗೂ ಇದೇ ಕ್ರಮ ಸಲ್ಲುತ್ತದೆ.

ಮೊದಲು ಕಾಲಾನುಕ್ರಮಣಿಕೆ

ದೆವ್ವದ ಕಥೆಯಿಂದ ಕೆಲಸವನ್ನು ಆರಂಭಿಸಬಾರದು. ಕಥೆಯೊಂದು ಮನಸ್ಸಿನಲ್ಲಿ ಮೊದಲೇ ಕುಳಿತುಬಿಟ್ಟರೆ, ದಾಖಲೆಯಲ್ಲಿ ಸಿಗುವ ಪ್ರತಿಯೊಂದು ಸಾವೂ ಅಪಘಾತವೂ ಆ ಕಥೆಗೆ ಸಾಕ್ಷಿಯಂತೆಯೇ ಕಾಣತೊಡಗುತ್ತದೆ. ಆದ್ದರಿಂದ ಹಡಗಿನ ಜೀವನವನ್ನು ತಾರೀಖುಗಳ ಪಟ್ಟಿಯಾಗಿ ಬರೆದುಕೊಳ್ಳುವುದೇ ಮೊದಲ ಹೆಜ್ಜೆ. ಅಮೆರಿಕದ ಹಡಗುಗಳಿಗೆ ಆ ದೇಶದ ನೌಕಾಪಡೆಯ ಇತಿಹಾಸ ವಿಭಾಗವು ಪ್ರಕಟಿಸಿರುವ ಹಡಗುಗಳ ಚರಿತ್ರಕೋಶ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿಂದ ಆರಂಭಿಸುವುದು ಸುಲಭ.

ಸೇಲಂ ಹಡಗಿನ ಪಟ್ಟಿ ಹೀಗೆ ಬೆಳೆಯುತ್ತದೆ. ಅದರ ಅಡಿಮರವನ್ನು (ಹಡಗಿನ ತಳದ ಬೆನ್ನೆಲುಬನ್ನು) ಇರಿಸಿದ್ದು 1945ರ ಜುಲೈ 4ರಂದು, ಇದೇ ಕ್ವಿನ್ಸಿಯ ಫೋರ್ ರಿವರ್ ಹಡಗುಕಟ್ಟೆಯಲ್ಲಿ, ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಕೈಯಲ್ಲಿ. ಎರಡನೆಯ ಮಹಾಯುದ್ಧ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. 1947ರ ಮಾರ್ಚ್ 25ರಂದು ಹಡಗು ನೀರಿಗಿಳಿಯಿತು. 1949ರ ಮೇ 14ರಂದು ಸೇವೆಗೆ ಸೇರಿತು. ಸುಮಾರು 218 ಮೀಟರ್ ಉದ್ದದ, 33 ನಾಟ್ (ಗಂಟೆಗೆ ಸುಮಾರು 61 ಕಿಲೋಮೀಟರ್) ವೇಗದ, ಪೂರ್ಣ ಪ್ರಮಾಣದಲ್ಲಿ ಸುಮಾರು 1,800 ಸಿಬ್ಬಂದಿಯನ್ನು ಹೊತ್ತೊಯ್ಯಬಲ್ಲ ಈ ಹಡಗಿನ ಮುಖ್ಯ ಆಯುಧವೆಂದರೆ ಮೂರು ಗೋಪುರಗಳಲ್ಲಿ ಮೂರರಂತೆ ಕೂರಿಸಿದ ಒಂಬತ್ತು 8 ಅಂಗುಲದ ಫಿರಂಗಿಗಳು. ಅವು ತಾವೇ ಮದ್ದುಗುಂಡು ತುಂಬಿಕೊಂಡು ಒಂದೊಂದು ನಳಿಗೆಯಿಂದಲೂ ನಿಮಿಷಕ್ಕೆ ಹತ್ತರಷ್ಟು ಗುಂಡುಗಳನ್ನು ಹಾರಿಸಬಲ್ಲವಾಗಿದ್ದವು. ಆ ಕಾಲಕ್ಕೆ ಇದು ಅಪೂರ್ವ ಸಾಧನೆ. ಡೆ ಮೋಯಿನ್ ವರ್ಗದ ಮೂರು ಹಡಗುಗಳಲ್ಲಿ ಇದು ಒಂದು. ಉಳಿದೆರಡು, ಡೆ ಮೋಯಿನ್ ಮತ್ತು ನ್ಯೂಪೋರ್ಟ್ ನ್ಯೂಸ್, ಗುಜರಿಗೆ ಹೋಗಿ ಮುಗಿದಿವೆ.

1950ರ ಮೇ ತಿಂಗಳಲ್ಲಿ ಸೇಲಂ ಮೊದಲ ಸಲ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ ಅಮೆರಿಕದ ಆರನೆಯ ನೌಕಾದಳದ ಧ್ವಜನೌಕೆಯಾಯಿತು (ದಳಪತಿ ಇರುವ ಮುಖ್ಯ ಹಡಗಾಯಿತು). ಮುಂದಿನ ವರ್ಷಗಳಲ್ಲಿ ಅದು ಮತ್ತೆ ಮತ್ತೆ ಅದೇ ಕಡಲಿಗೆ, ಅದೇ ಹೊಣೆಯ ಮೇಲೆ ಹೋಯಿತು. 1956ರಲ್ಲಿ ಫ್ರಾನ್ಸಿನ ವಿಲ್‌ಫ್ರಾಂಶ್ ಬಂದರನ್ನು ನೆಲೆಯಾಗಿ ಮಾಡಿಕೊಂಡು ಅಲ್ಲಿಯೇ ಉಳಿಯಿತು. ಸೂಯೆಜ್ ಬಿಕ್ಕಟ್ಟು ತಲೆದೋರಿದಾಗ ಪೂರ್ವ ಮೆಡಿಟರೇನಿಯನ್ನಿನಲ್ಲಿತ್ತು. 1959ರ ಜನವರಿ 30ರಂದು ಸೇವೆಯಿಂದ ಬಿಡುಗಡೆ ಹೊಂದಿ, ಫಿಲಡೆಲ್ಫಿಯಾದ ಮೀಸಲು ಹಡಗುಗಳ ಸಾಲಿನಲ್ಲಿ ಮೂರೂವರೆ ದಶಕ ನಿಂತಿತು. 1991ರಲ್ಲಿ ನೌಕಾಪಡೆಯ ಪಟ್ಟಿಯಿಂದ ಅದರ ಹೆಸರನ್ನು ತೆಗೆಯಲಾಯಿತು. 1994ರ ಅಕ್ಟೋಬರಿನಲ್ಲಿ ಎಳೆದೊಯ್ಯುವ ದೋಣಿಗಳ ಹಿಂದೆ, ತಾನು ಹುಟ್ಟಿದ ಕ್ವಿನ್ಸಿಗೆ ಮರಳಿತು. ಮರುವರ್ಷ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. 2013ರಲ್ಲಿ ಅದು ನಿಂತಿದ್ದ ಕಟ್ಟೆ ಸುರಕ್ಷಿತವಲ್ಲವೆಂದು ಕೆಲಕಾಲ ಮುಚ್ಚಿ, ಅನಂತರ ಮತ್ತೆ ತೆರೆಯಲಾಯಿತು.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಲೆಕ್ಕವೊಂದಿದೆ. ಹಡಗಿನ ಸಕ್ರಿಯ ಸೇವೆ ಹತ್ತು ವರ್ಷಕ್ಕೂ ಕಡಿಮೆ. ವಸ್ತುಸಂಗ್ರಹಾಲಯವಾಗಿ ಅದು ಕಳೆದಿರುವ ಕಾಲ ಅದಕ್ಕಿಂತ ಬಹಳ ಹೆಚ್ಚು. ಸಾಮಾನ್ಯವಾಗಿ ಸೇವಾ ಚರಿತ್ರೆ ಬರೆಯುವವರು ನೌಕಾಪಡೆಯ ಪಟ್ಟಿಯಿಂದ ಹೆಸರು ಹೋದ ದಿನಕ್ಕೇ ನಿಲ್ಲಿಸಿಬಿಡುತ್ತಾರೆ. ದೆವ್ವದ ಕಥೆಗಳನ್ನು ಅಳೆಯಬೇಕಾದವರು ಅಲ್ಲಿ ನಿಲ್ಲಿಸುವಂತಿಲ್ಲ. ಹಡಗನ್ನು ಯಾವಾಗ ಜನರಿಗೆ ತೆರೆದರು, ರಾತ್ರಿ ತಂಗುವ ವ್ಯವಸ್ಥೆ ಇತ್ತೇ, ಹ್ಯಾಲೋವೀನ್ ಹಬ್ಬದ ದಿನಗಳಲ್ಲಿ ಭಯಾನಕ ಪ್ರದರ್ಶನಗಳನ್ನು ಏರ್ಪಡಿಸಿದರೇ, ದೂರದರ್ಶನದ ದೆವ್ವಬೇಟೆಯ ತಂಡಗಳು ಯಾವಾಗ ಬಂದು ಹೋದವು ಎಂಬುದೆಲ್ಲ ಅದೇ ಪಟ್ಟಿಯಲ್ಲಿ ಬರಬೇಕು. ಸೇಲಂ ಹಡಗಿನಲ್ಲಿ ಇವೆಲ್ಲವೂ ನಡೆದಿವೆ.

ಮುದ್ರಿತ ಚರಿತ್ರಕೋಶ ಅಸ್ಥಿಪಂಜರವನ್ನು ಮಾತ್ರ ಕೊಡುತ್ತದೆ. ರಕ್ತಮಾಂಸ ಸಿಗುವುದು ಡೆಕ್ ಲಾಗ್ ಎಂಬ ದಿನಚರಿ ಪುಸ್ತಕದಲ್ಲಿ. ಹಡಗಿನ ಪ್ರತಿಯೊಂದು ಪಹರೆಯ ಅಧಿಕಾರಿಯೂ ತನ್ನ ಅವಧಿಯಲ್ಲಿ ನಡೆದುದನ್ನು ಅದರಲ್ಲಿ ಬರೆದು ಸಹಿ ಮಾಡುತ್ತಾನೆ: ದಿಕ್ಕು, ವೇಗ, ಹವೆ, ಲಂಗರು ಹಾಕಿದ ಜಾಗ, ಹಡಗಿಗೆ ಬಂದವರು, ಹೋದವರು, ಗಾಯಗೊಂಡವರು, ಸತ್ತವರು, ಶಿಕ್ಷೆಗೊಳಗಾದವರು. ಅಮೆರಿಕದ ಹಡಗುಗಳ ಹಳೆಯ ಲಾಗ್ ಪುಸ್ತಕಗಳು ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬೇಕಾದ ಹಡಗು, ತಿಂಗಳು, ವರ್ಷ ಇಷ್ಟನ್ನು ಖಚಿತವಾಗಿ ತಿಳಿಸಿ ಕೇಳಬೇಕು. ಇಡೀ ಹಡಗಿನ ಎಲ್ಲ ಪುಸ್ತಕಗಳನ್ನೂ ಒಮ್ಮೆಲೇ ಕೇಳಿದರೆ ಕೆಲಸ ಸಾಗುವುದಿಲ್ಲ. ಕಾಲಾನುಕ್ರಮಣಿಕೆಯನ್ನು ಮೊದಲು ಸಿದ್ಧಪಡಿಸಿಕೊಂಡಿದ್ದರೆ ಯಾವ ತಿಂಗಳನ್ನು ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ. ಈ ಶುಷ್ಕ ಪುಸ್ತಕಗಳಲ್ಲಿಯೂ ಒಂದು ಸೊಗಸಿನ ವಾಡಿಕೆಯಿದೆ: ಹೊಸ ವರ್ಷದ ಮೊದಲ ಪಹರೆಯ ಬರಹವನ್ನು ಅಧಿಕಾರಿ ಪದ್ಯರೂಪದಲ್ಲಿ ಬರೆಯಬಹುದು. ಹಡಗಿನ ಮನಃಸ್ಥಿತಿ ಎಂಬುದು ದಾಖಲೆಯಲ್ಲಿ ಎಲ್ಲಿಯಾದರೂ ಇಣುಕುವುದಾದರೆ ಅದು ಆ ಪುಟದಲ್ಲಿಯೇ.

ಲಾಗ್ ಪುಸ್ತಕದ ಜೊತೆಗೆ, ದೀರ್ಘ ಯಾನಗಳ ಕೊನೆಯಲ್ಲಿ ನಾವಿಕರೇ ಅಚ್ಚು ಹಾಕಿಸುತ್ತಿದ್ದ ಚಿತ್ರಸಂಪುಟಗಳನ್ನು ಹುಡುಕಬೇಕು. ನಾವಿಕರು ತಮ್ಮೊಳಗೆ ಬಳಸುತ್ತಿದ್ದ ಅಡ್ಡಹೆಸರುಗಳು, ತಮಾಷೆಗಳು, ಮೂಢನಂಬಿಕೆಗಳು ಸಿಗುವುದು ಇಂಥ ಕಡೆಗಳಲ್ಲಿ. ಹಡಗು ಸೇವೆಯಲ್ಲಿದ್ದಾಗಲೇ ದೆವ್ವದ ಮಾತು ಇತ್ತೇ ಇಲ್ಲವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ದೊರೆಯುವುದು ಕಷ್ಟ.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು

ನೌಕಾಪಡೆಗಳು ಒಂದೇ ಹೆಸರನ್ನು ಒಂದರ ಬಳಿಕ ಒಂದು ಹಡಗಿಗೆ ಇಡುತ್ತವೆ. ಸೇಲಂ ಎಂಬ ಹೆಸರಿನ ಇನ್ನೊಂದು ಕ್ರೂಸರ್ 1908ರಲ್ಲಿಯೇ ಸೇವೆಗೆ ಸೇರಿತ್ತು. ಅದೂ ಕಟ್ಟಲ್ಪಟ್ಟಿದ್ದು ಇದೇ ಫೋರ್ ರಿವರ್ ಹಡಗುಕಟ್ಟೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಮುದ್ರದಲ್ಲಿ ಸಿಡಿಗುಂಡುಗಳನ್ನು ಹಾಸುವ ಹಡಗೊಂದಕ್ಕೂ ಸೇಲಂ ಎಂಬ ಹೆಸರಿತ್ತು. 1945ರಲ್ಲಿ ಅದಕ್ಕೆ ಬೇರೆ ಹೆಸರು ಕೊಡಲಾಯಿತು. ಮೂರು ಹಡಗುಗಳ ಘಟನೆಗಳು ಒಂದರೊಳಗೊಂದು ಬೆರೆತು ಹೋಗುವುದಕ್ಕೆ ಇಷ್ಟು ಸಾಕು. ಆದ್ದರಿಂದ ಹೆಸರನ್ನಷ್ಟೇ ನಂಬದೆ, ಹಡಗಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆಯನ್ನು ಹಿಡಿಯಬೇಕು. ನಾವು ಹೇಳುತ್ತಿರುವ ಸೇಲಂ ಹಡಗಿನ ಸಂಖ್ಯೆ ಸಿ.ಎ.-139. ಟಿಪ್ಪಣಿಯ ಪ್ರತಿಯೊಂದು ಹಾಳೆಯ ಮೇಲೂ ಈ ಸಂಖ್ಯೆಯನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ.

ಹೇಳಿಕೆಯ ಕಥೆಗಳನ್ನು ಬರೆದಿಟ್ಟುಕೊಳ್ಳುವುದು

ಈಗ ಕಥೆಗಳ ಸರದಿ. ಪ್ರತಿಯೊಂದು ಕಥೆಗೂ ಒಂದು ಹಾಳೆ ಇರಲಿ. ಯಾರು ಹೇಳಿದರು, ಯಾವಾಗ ಹೇಳಿದರು, ತಾವೇ ಕಂಡದ್ದೇ ಅಥವಾ ಕೇಳಿದ್ದೇ, ಕೇಳಿದ್ದಾದರೆ ಯಾರಿಂದ, ಹಡಗಿನ ಯಾವ ಜಾಗದಲ್ಲಿ, ಹಗಲೋ ರಾತ್ರಿಯೋ ಎಂಬುದನ್ನು ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ತಿದ್ದಬಾರದು, ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಮಾಡಿಕೊಡಬಾರದು. 'ಅಲ್ಲಿ ಯಾರೋ ಸತ್ತಿದ್ದರಂತೆ' ಎಂದು ಒಬ್ಬರು ಹೇಳಿದರೆ 'ಸತ್ತಿದ್ದರು' ಎಂದು ಬರೆಯುವುದು ತಪ್ಪು. ಆ ಒಂದು 'ಅಂತೆ' ಕಳಚಿಬಿದ್ದ ಕ್ಷಣದಿಂದ ಕಂತೆ ಬೆಳೆಯತೊಡಗುತ್ತದೆ.

ಹೇಳಿದವರನ್ನು ಗೇಲಿ ಮಾಡುವುದೂ, ಪ್ರಶ್ನಿಸದೆ ತಲೆಯಾಡಿಸುವುದೂ ಎರಡೂ ಕೆಲಸ ಕೆಡಿಸುತ್ತವೆ. ಹಡಗಿನಲ್ಲಿ ಸ್ವಯಂಸೇವಕರಾಗಿ ವರ್ಷಗಟ್ಟಲೆ ತುಕ್ಕು ಕೆರೆದು ಬಣ್ಣ ಬಳಿದವರಿಗೆ ಅದರ ಸದ್ದುಗಳ ಪರಿಚಯ ಬಂದುಹೋಗುವ ಪ್ರವಾಸಿಗಳಿಗಿಂತ ಹೆಚ್ಚು. ಅವರು 'ಈ ಸದ್ದು ಎಂದೂ ಕೇಳಿದ್ದಲ್ಲ' ಎಂದರೆ ಆ ಮಾತಿಗೆ ತೂಕವಿದೆ. ಭಯಾನಕ ಪ್ರದರ್ಶನದ ಟಿಕೆಟ್ ಕೊಂಡು, ಹೆದರಲೆಂದೇ ಒಳಗೆ ಬಂದವರ ಮಾತಿಗೆ ಅಷ್ಟು ತೂಕ ಕೊಡಲಾಗದು.

ಕಥೆಯ ಹುಟ್ಟಿದ ತಾರೀಖನ್ನು ಕಂಡುಹಿಡಿಯುವುದು ಈ ಹಂತದ ಬಹುಮುಖ್ಯ ಕೆಲಸ. ಕಥೆ ಹೇಳುವ ಘಟನೆ ಯಾವ ವರ್ಷದ್ದು ಎಂಬುದು ಒಂದು ಪ್ರಶ್ನೆ. ಆ ಕಥೆಯನ್ನು ಮೊತ್ತಮೊದಲು ಯಾವ ವರ್ಷ ಹೇಳಲಾಯಿತು ಎಂಬುದು ಇನ್ನೊಂದು ಪ್ರಶ್ನೆ. 1953ರ ಘಟನೆಯ ಬಗೆಗಿನ ಕಥೆಯೊಂದು 1950ರ ದಶಕದ ಪತ್ರಗಳಲ್ಲಾಗಲಿ, ನಾವಿಕರ ಸಂಪುಟಗಳಲ್ಲಾಗಲಿ, ಊರಿನ ಪತ್ರಿಕೆಗಳಲ್ಲಾಗಲಿ ಕಾಣಿಸದೆ, ಹಡಗು ವಸ್ತುಸಂಗ್ರಹಾಲಯವಾದ ಮೇಲೆ ಮೊದಲ ಸಲ ಕಾಣಿಸಿಕೊಂಡರೆ, ಆ ಅಂತರವನ್ನು ದಾಖಲಿಸಬೇಕು. ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಅಕ್ಟೋಬರ್ ತಿಂಗಳಿನಿಂದ ನೋಡತೊಡಗುವುದು ಉಪಾಯದ ದಾರಿ. ಹ್ಯಾಲೋವೀನ್ ಹತ್ತಿರವಾದಾಗಲೇ ಇಂಥ ಬರಹಗಳು ಅಚ್ಚಾಗುತ್ತವೆ.

ಭೂಕಂಪದ ಕಥೆಯ ಪರೀಕ್ಷೆ

ಸೇಲಂ ಹಡಗಿನ ಬಗ್ಗೆ ಹೇಳುವ ಕಥೆಗಳಲ್ಲಿ ಬೇರು ಕಥೆ ಒಂದೇ. ಗ್ರೀಸ್ ದೇಶದ ಭೂಕಂಪದಲ್ಲಿ ಸತ್ತವರ ದೇಹಗಳನ್ನು ಹಡಗಿನ ಶೀತಲ ಕೋಣೆಗಳಲ್ಲಿ ಇರಿಸಲಾಗಿತ್ತು, ಆ ಜೀವಗಳು ಇಂದಿಗೂ ಅಲ್ಲಿವೆ ಎಂಬುದು ಅದರ ತಿರುಳು. ಈ ಕಥೆಯನ್ನು ನಿಧಾನವಾಗಿ ಬಿಡಿಸಬೇಕು, ಏಕೆಂದರೆ ಇದರ ಹಿಂದೆ ನಿಜವಾದ ಜನರ ನಿಜವಾದ ಸಾವುಗಳಿವೆ.

1953ರ ಆಗಸ್ಟ್ 9, 11 ಮತ್ತು 12ರಂದು ಗ್ರೀಸಿನ ಪಶ್ಚಿಮಕ್ಕಿರುವ ಅಯೋನಿಯನ್ ದ್ವೀಪಗಳಲ್ಲಿ ಒಂದರ ಮೇಲೊಂದು ಭೂಕಂಪಗಳಾದವು. 12ರ ಕಂಪನ ಎಲ್ಲಕ್ಕಿಂತ ಭೀಕರ. ಕೆಫಲೋನಿಯಾ ದ್ವೀಪವೇ ಸುಮಾರು 60 ಸೆಂಟಿಮೀಟರಿನಷ್ಟು ಮೇಲಕ್ಕೆದ್ದಿತು. ಅರ್ಗೊಸ್ತೋಲಿ, ಲಿಕ್ಸೂರಿ ಪಟ್ಟಣಗಳೂ ಜಾಕಿಂತೋಸ್ ಪಟ್ಟಣವೂ ನೆಲಸಮವಾದವು. ನೂರಾರು ಜನ ಸತ್ತರು. ಮನೆ ಕಳೆದುಕೊಂಡು ದ್ವೀಪ ಬಿಟ್ಟು ವಲಸೆ ಹೋದವರು ಇನ್ನೂ ಅಸಂಖ್ಯ. ಇಸ್ರೇಲ್, ಬ್ರಿಟನ್, ನ್ಯೂಜಿಲೆಂಡ್, ಅಮೆರಿಕ ದೇಶಗಳ ನೌಕೆಗಳು ನೆರವಿಗೆ ಧಾವಿಸಿದವು. ಅಮೆರಿಕದ ಹಡಗುಗಳಲ್ಲಿ ಮೊದಲು ತಲುಪಿದ್ದು ಸೇಲಂ. ಆಗಸ್ಟ್ 13ರಿಂದ, ತನ್ನ ಸ್ವಂತ ದಾಸ್ತಾನು ಕರಗುವವರೆಗೆ, ಅದು ಆಹಾರ ಸಾಮಗ್ರಿಯನ್ನೂ ನೆರವನ್ನೂ ನೀಡಿತು. ಇಷ್ಟನ್ನು ನೌಕಾಪಡೆಯ ಪ್ರಕಟಿತ ಚರಿತ್ರೆ ಹೇಳುತ್ತದೆ. ದೇಹಗಳನ್ನು ಹಡಗಿಗೆ ತಂದ ಮಾತು ಅದರಲ್ಲಿ ಇಲ್ಲ.

ಇಲ್ಲ ಎಂದ ಮಾತ್ರಕ್ಕೆ ನಡೆದೇ ಇಲ್ಲ ಎನ್ನಲಾಗದು, ಏಕೆಂದರೆ ಆ ಚರಿತ್ರೆ ಕೆಲವೇ ಪ್ಯಾರಾಗಳ ಸಾರಾಂಶ. ಆದ್ದರಿಂದ ಮುಂದಿನ ಹೆಜ್ಜೆ 1953ರ ಆಗಸ್ಟ್ ತಿಂಗಳ ಡೆಕ್ ಲಾಗ್. ಅದನ್ನು ತರಿಸಿಕೊಂಡಾಗ ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಹಡಗು ಯಾವ ದ್ವೀಪದ ಎದುರು, ಯಾವ ಹೊತ್ತಿಗೆ ಲಂಗರು ಹಾಕಿತು? ದೋಣಿಗಳು ದಡಕ್ಕೆ ಏನನ್ನು ಒಯ್ದವು, ಮರಳುವಾಗ ಯಾರನ್ನು ತಂದವು? ಗಾಯಾಳುಗಳನ್ನು ಹಡಗಿನ ಆಸ್ಪತ್ರೆ ಕೋಣೆಗೆ ಸೇರಿಸಿಕೊಂಡ ನಮೂದು ಇದೆಯೇ? ಸಾವಿನ ನಮೂದು ಇದೆಯೇ? ಹಡಗಿನ ಮೇಲೆ ಸಾವೊಂದು ಸಂಭವಿಸಿದರೆ ಪಹರೆಯ ಅಧಿಕಾರಿ ಅದನ್ನು ಬರೆಯದೆ ಬಿಡುವಂತಿಲ್ಲ. ಆದುದರಿಂದ ಈ ವಿಷಯದಲ್ಲಿ ಲಾಗ್ ಪುಸ್ತಕದ ಮೌನಕ್ಕೂ ಒಂದು ಬೆಲೆಯಿದೆ.

ಇದರ ಜೊತೆಗೆ ಸಾಧ್ಯಾಸಾಧ್ಯತೆಯನ್ನೂ ಯೋಚಿಸಬೇಕು. ಆಗಸ್ಟ್ ತಿಂಗಳ ಗ್ರೀಸಿನಲ್ಲಿ ಬಿಸಿಲು ತೀಕ್ಷ್ಣ. ದ್ವೀಪವಾಸಿಗಳು ಆರ್ಥಡಾಕ್ಸ್ ಕ್ರೈಸ್ತರು. ತಮ್ಮವರನ್ನು ತಮ್ಮ ಮಣ್ಣಿನಲ್ಲಿ ಹೂಳುವುದು ಅವರ ಸಂಪ್ರದಾಯ. ದೇಹಗಳನ್ನು ದೋಣಿಯಲ್ಲಿ ತುಂಬಿ, ಕಡಲಲ್ಲಿ ನಿಂತ ಹಡಗಿಗೆ ಒಯ್ದು, ಊಟದ ಸಾಮಗ್ರಿ ಇರುವ ಶೀತಲ ಕೋಣೆಯಲ್ಲಿ ಇಡಬೇಕಾದ ಅಗತ್ಯ ಎಲ್ಲಿ ಬಂತು ಎಂಬುದಕ್ಕೆ ಕಥೆ ಹೇಳುವವರು ಕಾರಣ ಕೊಡಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಲಾಗ್ ಪುಸ್ತಕದ ಪುಟವನ್ನು ತೋರಿಸುವವರೆಗೆ ಈ ಕಥೆಯನ್ನು 'ಹೇಳಿಕೆ' ಎಂಬ ಹೆಸರಿನಡಿಯಲ್ಲಿಯೇ ಇಡಬೇಕು. ಹಡಗಿನ ನಾವಿಕರು ತಮ್ಮ ಉಗ್ರಾಣ ಬರಿದಾಗುವವರೆಗೂ ಅಪರಿಚಿತರಿಗೆ ಉಣಿಸಿದರು ಎಂಬ ದಾಖಲಾದ ಸಂಗತಿ, ಅದರ ಮೇಲೆ ಬೆಳೆದ ಪ್ರೇತದ ಕಥೆಯ ನೆರಳಿನಲ್ಲಿ ಮರೆಯಾಗುತ್ತಿರುವುದು ನನಗೆ ನೋವಿನ ವಿಷಯ.

ಇನ್ನೊಂದು ಹೋಲಿಕೆಯನ್ನೂ ಮಾಡಿ ನೋಡಬೇಕು. ಅದೇ ಭೂಕಂಪದ ನೆರವಿಗೆ ಬ್ರಿಟನ್ನಿನ ಗ್ಯಾಂಬಿಯಾ ಮತ್ತು ಬರ್ಮುಡಾ ಎಂಬ ಕ್ರೂಸರುಗಳೂ ಹೋಗಿದ್ದವು. ಅವುಗಳ ನಾವಿಕರೂ ಅದೇ ಅವಶೇಷಗಳ ನಡುವೆ ದುಡಿದರು. 1960ರ ದಶಕದಲ್ಲಿ ಎರಡೂ ಹಡಗುಗಳನ್ನು ಒಡೆದು ಗುಜರಿಗೆ ಹಾಕಲಾಯಿತು. ರಾತ್ರಿಯಲ್ಲಿ ದೀಪ ಹಿಡಿದು ನಡೆಯಲು ಅವುಗಳ ಓಣಿಗಳು ಉಳಿದಿಲ್ಲ. ಟಿಕೆಟ್ ಕೊಳ್ಳುವ ಜನರಿಲ್ಲ. ಕಥೆ ಉಳಿಯಲು ಹಡಗು ಉಳಿಯಬೇಕು, ಒಳಗೆ ಸುತ್ತಾಡುವ ಕೇಳುಗರೂ ಇರಬೇಕು. ಯಾವ ಹಡಗಿನಲ್ಲಿ ಎಷ್ಟು ಜನ ಸತ್ತರು ಎಂಬುದಕ್ಕಿಂತ, ಯಾವ ಹಡಗು ವಸ್ತುಸಂಗ್ರಹಾಲಯವಾಗಿ ಎಷ್ಟು ಕಾಲ ತೆರೆದಿದೆ ಎಂಬುದಕ್ಕೆ ದೆವ್ವದ ಕಥೆಗಳು ಹೆಚ್ಚು ಹೊಂದಿಕೊಳ್ಳುತ್ತವೆ ಎಂಬುದು ಈ ಹೋಲಿಕೆಯಿಂದ ನಾನು ತಲುಪುವ ತೀರ್ಮಾನ. ಓದುಗರು ತಮ್ಮ ಆಯ್ಕೆಯ ಹಡಗಿನ ಮೇಲೆ ಇದನ್ನು ಪರೀಕ್ಷಿಸಿ ನೋಡಬೇಕು.

ಬೇರೆ ಹಡಗಿನಿಂದ ವಲಸೆ ಬಂದ ಸಂಗತಿಗಳು

ಒಂದೇ ವರ್ಗದ ಹಡಗುಗಳು ನೋಡಲು ಅವಳಿಜವಳಿಯಂತಿರುತ್ತವೆ. ಆದ್ದರಿಂದ ಒಂದರ ದುರಂತ ಇನ್ನೊಂದರ ಹೆಸರಿಗೆ ಅಂಟಿಕೊಳ್ಳುವ ಅಪಾಯ ಸದಾ ಇದೆ. ಸೇಲಂ ಹಡಗಿನ ಸೋದರನೌಕೆ ನ್ಯೂಪೋರ್ಟ್ ನ್ಯೂಸ್ ವಿಯೆಟ್ನಾಂ ಕರಾವಳಿಯಲ್ಲಿ ಯುದ್ಧದಲ್ಲಿದ್ದಾಗ, 1972ರ ಅಕ್ಟೋಬರ್ 1ರಂದು, ಅದರ ಎರಡನೆಯ ಗೋಪುರದಲ್ಲಿ ಗುಂಡೊಂದು ಫಿರಂಗಿಯ ನಳಿಗೆಯೊಳಗೇ ಸಿಡಿದು 20 ನಾವಿಕರು ಸತ್ತರು. ಆ ಹಡಗು ಈಗ ಇಲ್ಲ. ಅದೇ ವಿನ್ಯಾಸದ ಗೋಪುರ ಸೇಲಂ ಹಡಗಿನ ಮೇಲೆ ಇದೆ. ಗೋಪುರದ ಸ್ಫೋಟದಲ್ಲಿ ಸತ್ತವರ ಪ್ರೇತವೆಂದು ಯಾರಾದರೂ ಸೇಲಂ ಹಡಗಿನಲ್ಲಿ ಕೈ ತೋರಿಸಿದರೆ, ಅವರು ಬೇರೆ ಹಡಗಿನ ಸಾವುಗಳನ್ನು ಇಲ್ಲಿಗೆ ತಂದಿದ್ದಾರೆಂದು ತಿಳಿಯಬೇಕು. 1972ರಲ್ಲಿ ಸೇಲಂ ಫಿಲಡೆಲ್ಫಿಯಾದಲ್ಲಿ ನಿದ್ರಿಸುತ್ತಿತ್ತು.

ಚಲನಚಿತ್ರಗಳೂ ಇಂಥ ಗೊಂದಲ ಉಂಟುಮಾಡುತ್ತವೆ. 1939ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಬಳಿ ನಡೆದ ಕದನವನ್ನು ಕುರಿತು 1956ರಲ್ಲಿ ತೆರೆಕಂಡ ಬ್ರಿಟಿಷ್ ಚಿತ್ರವೊಂದರಲ್ಲಿ, ಜರ್ಮನಿಯ ಆಡ್ಮಿರಲ್ ಗ್ರಾಫ್ ಶ್ಪೇ ಹಡಗಿನ ಪಾತ್ರವನ್ನು ವಹಿಸಿದ್ದು ಸೇಲಂ. ಅದೇ ಚಿತ್ರದಲ್ಲಿ ಬ್ರಿಟಿಷರ ಕಡೆಯ ಅಕಿಲೀಸ್ ಕ್ರೂಸರಿನ ಪಾತ್ರ ವಹಿಸಿದ್ದು ಭಾರತದ ಐ.ಎನ್.ಎಸ್. ಡೆಲ್ಲಿ. ಅದು ನಟನೆಯೆನ್ನುವುದಕ್ಕಿಂತ ಮರಳಿ ತಾನೇ ಆದದ್ದು, ಏಕೆಂದರೆ ಆ ಕದನದಲ್ಲಿ ಹೋರಾಡಿದ ಅಕಿಲೀಸ್ ಹಡಗನ್ನೇ ಭಾರತವು 1948ರಲ್ಲಿ ಪಡೆದು ಡೆಲ್ಲಿ ಎಂದು ಹೆಸರಿಟ್ಟಿತ್ತು. ಈ ಚಿತ್ರದ ದೃಶ್ಯಗಳು ಹಳೆಯ ಯುದ್ಧಚಿತ್ರಗಳೆಂಬ ತಲೆಬರಹದಲ್ಲಿ ತಿರುಗಾಡುವುದುಂಟು. ಗುರುತಿಸುವುದು ಸುಲಭ: ನಿಜವಾದ ಗ್ರಾಫ್ ಶ್ಪೇ ಹಡಗಿಗೆ ಮುಂದೊಂದು ಹಿಂದೊಂದು, ಒಟ್ಟು ಎರಡೇ ದೊಡ್ಡ ಗೋಪುರಗಳು, ಸೇಲಂ ಹಡಗಿಗೆ ಮುಂದೆ ಎರಡು, ಹಿಂದೆ ಒಂದು. ಛಾಯಾಚಿತ್ರವನ್ನು ಸಾಕ್ಷಿಯಾಗಿ ಸ್ವೀಕರಿಸುವ ಮೊದಲು ಗೋಪುರಗಳನ್ನು ಎಣಿಸಬೇಕು.

ಜಾಗವನ್ನು ಗುರುತಿಸುವುದು ಮತ್ತು ಹಡಗಿನೊಳಗೆ ನಡೆದುಕೊಳ್ಳುವುದು

'ಕೆಳಗಿನ ಒಂದು ಕತ್ತಲೆ ಕೋಣೆಯಲ್ಲಿ' ಎಂಬ ವರ್ಣನೆಯಿಂದ ಪ್ರಯೋಜನವಿಲ್ಲ. 1949ರ ಮಾರ್ಚಿನ ಬಳಿಕ ಅಮೆರಿಕದ ನೌಕಾಪಡೆ ತಂದ ಕ್ರಮದಲ್ಲಿ ಪ್ರತಿಯೊಂದು ಕೋಣೆಗೂ ನಾಲ್ಕು ಭಾಗಗಳ ಗುರುತು ಇರುತ್ತದೆ. 3-75-4-ಎಂ ಎಂಬ ಗುರುತನ್ನು ನೋಡಿದರೆ, ಕೋಣೆ ಮೂರನೆಯ ಅಂತಸ್ತಿನಲ್ಲಿದೆ, ಮೂತಿಯಿಂದ ಎಣಿಸಿದಾಗ 75ನೆಯ ಪಕ್ಕೆಲುಬಿನ ಬಳಿ ಆರಂಭವಾಗುತ್ತದೆ, ನಡುಗೆರೆಯಿಂದ ಎಡಬದಿಯ ಎರಡನೆಯದು, ಮದ್ದುಗುಂಡು ಇಡುವ ಕೋಣೆ ಎಂದು ತಿಳಿಯುತ್ತದೆ. ಸಮಸಂಖ್ಯೆ ಎಡಬದಿಗೆ, ಬೆಸಸಂಖ್ಯೆ ಬಲಬದಿಗೆ, ಸೊನ್ನೆ ನಡುಗೆರೆಗೆ. ಅದಕ್ಕೂ ಹಿಂದಿನ ಹಡಗುಗಳಲ್ಲಿ ಬೇರೆ ಕ್ರಮವಿತ್ತು. ಬಾಗಿಲ ಬಳಿಯ ಫಲಕದಲ್ಲಿ ಯಾವ ಗುರುತಿದ್ದರೂ ಅದನ್ನು ಹಾಗೆಯೇ ಬರೆದುಕೊಂಡು ಹಡಗಿನ ನಕ್ಷೆಯೊಂದಿಗೆ ತಾಳೆ ನೋಡಿದರೆ, ಆ ಕೋಣೆ ನಿಜಕ್ಕೂ ಶೀತಲ ಕೋಣೆಯಾಗಿತ್ತೇ, ಆಸ್ಪತ್ರೆಯಾಗಿತ್ತೇ, ಬರಿಯ ಬಣ್ಣದ ಡಬ್ಬಿಗಳ ಉಗ್ರಾಣವಾಗಿತ್ತೇ ಎಂಬುದು ಖಚಿತವಾಗುತ್ತದೆ. ಹಲವು ಕಥೆಗಳು ಈ ಒಂದು ಹೆಜ್ಜೆಯಲ್ಲಿಯೇ ಬಿದ್ದುಹೋಗುತ್ತವೆ.

ಸದ್ದುಗಳ ವಿಷಯದಲ್ಲಿ ಉಕ್ಕಿನ ಸ್ವಭಾವವನ್ನು ನೆನಪಿಡಬೇಕು. ಹಗಲಿನ ಬಿಸಿಲಿಗೆ ಹಿಗ್ಗಿದ ಡೆಕ್ಕು ಸಂಜೆ ತಣ್ಣಗಾಗುವಾಗ ಟಕ್ಕೆಂದು ಸದ್ದು ಮಾಡುತ್ತದೆ. ಉಬ್ಬರ ಇಳಿತಗಳಿಗೆ ಹಡಗು ಏರಿಳಿದಾಗ ಕಟ್ಟಿದ ಹಗ್ಗಗಳೂ ಏಣಿಸೇತುವೆಯೂ ನರಳುತ್ತವೆ. ಗಾಳಿಕೊಳವೆಗಳು ಮೇಲಿನ ಅಂತಸ್ತಿನ ಮಾತನ್ನು ಮೂರು ಅಂತಸ್ತು ಕೆಳಗೆ ತಲುಪಿಸಬಲ್ಲವು. ಸಮರನೌಕೆಗಳ ಒಳಗಿನ ಕೆಲವು ದೂರವಾಣಿಗಳು ವಿದ್ಯುತ್ತಿಲ್ಲದೆ, ಮಾತನಾಡುವವರ ಧ್ವನಿಯ ಬಲದಿಂದಲೇ ಕೆಲಸ ಮಾಡುವಂಥವು. ಆದ್ದರಿಂದ ವಿದ್ಯುತ್ ಕಡಿದ ಹಡಗಿನಲ್ಲಿ ದೂರವಾಣಿಯಿಂದ ಪಿಸುಮಾತು ಕೇಳಿತೆಂದರೆ, ಮೊದಲು ತಂತಿಯ ಇನ್ನೊಂದು ತುದಿಯಲ್ಲಿ ಯಾರಿದ್ದರೆಂದು ನೋಡಬೇಕು. ಸದ್ದು ಕೇಳಿದ ಕೂಡಲೇ ಗಡಿಯಾರದ ಹೊತ್ತು, ಗಾಳಿ, ಆ ದಿನದ ಉಬ್ಬರದ ಸಮಯ ಇಷ್ಟನ್ನು ಬರೆದುಕೊಂಡರೆ, ಹಲವು ರಾತ್ರಿಗಳ ಟಿಪ್ಪಣಿಯಲ್ಲಿ ಕ್ರಮವೊಂದು ಕಾಣಬಹುದು.

ಸಂಗ್ರಹಾಲಯದವರು ಮುಚ್ಚಿಟ್ಟಿರುವ ಕೋಣೆಗಳನ್ನು ಎಂದಿಗೂ ತೆರೆಯಬಾರದು. ಬಹುಕಾಲ ಬಿಗಿಯಾಗಿ ಮುಚ್ಚಿದ ಉಕ್ಕಿನ ಕೋಣೆಯಲ್ಲಿ ತುಕ್ಕು ಹಿಡಿಯುವ ಕ್ರಿಯೆಯೇ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿರುತ್ತದೆ. ಅಂಥಲ್ಲಿ ಕಾಲಿಟ್ಟವರು ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿ ಪ್ರಾಣ ಕಳೆದುಕೊಳ್ಳಬಹುದು. ಆ ಕಾಲದ ಹಡಗುಗಳ ಕೊಳವೆಗಳ ಹೊದಿಕೆಯಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯ. ಅನುಮತಿಯಿಲ್ಲದ ಕಡೆಗೆ ಹೋಗದಿರುವುದು, ಒಬ್ಬರೇ ಕೆಳಗಿಳಿಯದಿರುವುದು, ಗಟ್ಟಿಯಾದ ಬೂಟು ಹಾಕಿಕೊಳ್ಳುವುದು ಈ ಕೆಲಸದ ಕನಿಷ್ಠ ಶಿಸ್ತು.

ಐ.ಎನ್.ಎಸ್. ಮೈಸೂರು ಹಡಗಿಗೆ ಇದೇ ಕ್ರಮ

ಕನ್ನಡಿಗರು ಕೈಗೆತ್ತಿಕೊಳ್ಳಬೇಕಾದ ಕ್ರೂಸರೊಂದು ನಮ್ಮದೇ ಹೆಸರಿನಲ್ಲಿದೆ. ಭಾರತೀಯ ನೌಕಾಪಡೆಯ ಐ.ಎನ್.ಎಸ್. ಮೈಸೂರು ಮೊದಲು ಬ್ರಿಟನ್ನಿನ ನೈಜೀರಿಯಾ ಎಂಬ ಕ್ರೂಸರ್ ಆಗಿತ್ತು. ಮೇಲೆ ಹೇಳಿದ ಗ್ಯಾಂಬಿಯಾ, ಬರ್ಮುಡಾಗಳ ಸೋದರನೌಕೆ. 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳ ಕಾವಲಿಗೆ ಹೋಗುವಾಗ, ಇಟಲಿಯ ಆಕ್ಸುಮ್ ಎಂಬ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಅದರ 52 ನಾವಿಕರು ಸತ್ತರು. ಅಮೆರಿಕದಲ್ಲಿ ದುರಸ್ತಿಗೊಂಡು ಮತ್ತೆ ಯುದ್ಧಕ್ಕೆ ಮರಳಿದ ಆ ಹಡಗನ್ನು ಭಾರತ ಕೊಂಡು, 1957ರ ಆಗಸ್ಟ್ 29ರಂದು ಮೈಸೂರು ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ವೇಳೆ, ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ವಶಪಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಭಾಗವಹಿಸಿದವು. ಅಲ್ಲಿ ನಮ್ಮ ಏಳು ನಾವಿಕರು ಪ್ರಾಣ ತೆತ್ತರು. 1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. 1985ರ ಆಗಸ್ಟ್ 20ರಂದು ನಿವೃತ್ತಿ ಹೊಂದಿ ಗುಜರಿಗೆ ಹೋಯಿತು. 1999ರಲ್ಲಿ ಸೇವೆಗೆ ಸೇರಿದ ಇಂದಿನ ಮೈಸೂರು ಬೇರೆಯೇ ಹಡಗು, ಎರಡನ್ನೂ ಬೆರೆಸಬಾರದು.

ಇದರ ದಾಖಲೆಗಳು ಎರಡು ದೇಶಗಳಲ್ಲಿ ಹಂಚಿಹೋಗಿವೆ. ನೈಜೀರಿಯಾ ಆಗಿದ್ದ ಕಾಲದ ಲಾಗ್ ಪುಸ್ತಕಗಳನ್ನು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಎ.ಡಿ.ಎಂ. 53 ಸರಣಿಯಲ್ಲಿ ಹುಡುಕಬೇಕು. ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ, ದಿನಾಂಕವನ್ನು ಕೊಟ್ಟು ನೋಡಬಹುದು. ಭಾರತದ ಅವಧಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರವನ್ನೂ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗವನ್ನೂ ವಿಚಾರಿಸಬೇಕು. ಇವೆಲ್ಲಕ್ಕಿಂತ ತುರ್ತಾದದ್ದು ಆ ಹಡಗಿನಲ್ಲಿ ದುಡಿದ ಹಿರಿಯರ ಮಾತುಗಳನ್ನು ದಾಖಲಿಸುವುದು. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮಾಜಿ ಸೈನಿಕರ ಸಂಘಗಳ ಮೂಲಕ ಅವರನ್ನು ಸಂಪರ್ಕಿಸಿ, ಮೊದಲ ಭೇಟಿಯಲ್ಲಿ ದೆವ್ವದ ಮಾತೆತ್ತದೆ, 'ತಾವು ಯಾವ ವಿಭಾಗದಲ್ಲಿದ್ದಿರಿ, ಮಲಗುತ್ತಿದ್ದದ್ದು ಎಲ್ಲಿ, ರಾತ್ರಿಯ ಪಹರೆ ಹೇಗಿರುತ್ತಿತ್ತು' ಎಂದು ಕೇಳಬೇಕು. ಟಾರ್ಪೆಡೊ ತಗುಲಿದ ಭಾಗದ ಬಗ್ಗೆ ನಾವಿಕರ ನಡುವೆ ಮಾತಿದ್ದುದಾದರೆ, ರಾತ್ರಿಯ ಪಹರೆಯ ಪ್ರಸ್ತಾಪ ಬಂದಾಗ ಅದು ತಾನಾಗಿ ಹೊರಬರುತ್ತದೆ. ಬರದಿದ್ದರೆ, 52 ಸಾವುಗಳನ್ನು ಕಂಡ ಹಡಗಿನಲ್ಲಿ ಇಂತಿಂಥವರಿಗೆ ಅಂಥ ಮಾತೇ ಕೇಳಿಬಂದಿರಲಿಲ್ಲ ಎಂಬುದೂ ಬರೆದಿಡಬೇಕಾದ ಸಂಗತಿ.

ಸಮರನೌಕೆಯ ಒಳಾಂಗಣವನ್ನು ಕಣ್ಣಾರೆ ನೋಡಿರದವರು ಕಾರವಾರದ ಕಡಲತೀರದಲ್ಲಿ ಇರಿಸಿರುವ ಐ.ಎನ್.ಎಸ್. ಚಪಲ್ ನೌಕೆಗೆ ಒಮ್ಮೆ ಹೋಗಿಬರಬೇಕು. ಅದು ಕ್ರೂಸರ್ ಅಲ್ಲ, 1976ರಲ್ಲಿ ಸೇವೆಗೆ ಸೇರಿದ ಚಿಕ್ಕ ಕ್ಷಿಪಣಿ ದೋಣಿ. ಆದರೂ ಇಕ್ಕಟ್ಟಾದ ಬಾಗಿಲು, ಕಡಿದಾದ ಏಣಿ, ಉಕ್ಕಿನ ಗೋಡೆಗಳ ನಡುವೆ ಸದ್ದು ಸಾಗುವ ರೀತಿ ಅಲ್ಲಿ ಅನುಭವಕ್ಕೆ ಬರುತ್ತದೆ.

ಕೊನೆಗೆ ಎಲ್ಲವನ್ನೂ ಬರೆಯುವಾಗ ದಾಖಲೆಯಿಂದ ಬಂದದ್ದನ್ನು ಒಂದು ಕಡೆ, ಕಂಡವರ ಹೇಳಿಕೆಯನ್ನು ಇನ್ನೊಂದು ಕಡೆ, ಕೇಳಿದವರ ಹೇಳಿಕೆಯನ್ನು ಮತ್ತೊಂದು ಕಡೆ ಇಟ್ಟು, ಪ್ರತಿಯೊಂದರ ಎದುರಿಗೂ ಪುಟಸಂಖ್ಯೆಯನ್ನೋ ಭೇಟಿಯ ತಾರೀಖನ್ನೋ ನಮೂದಿಸಬೇಕು. ಸತ್ತವರ ಹೆಸರು ಖಚಿತವಾಗಿ ತಿಳಿದಿದ್ದರೂ ಅದನ್ನು ದೆವ್ವದ ಕಥೆಗೆ ಜೋಡಿಸಬಾರದು. ಅವರ ಮನೆಯವರು ಇನ್ನೂ ಇದ್ದಾರೆ. ಬರಹದ ಒಂದು ಪ್ರತಿಯನ್ನು ಹಡಗಿನ ವಸ್ತುಸಂಗ್ರಹಾಲಯಕ್ಕೂ, ಮೈಸೂರು ಹಡಗಿನಂತೆ ಹಡಗೇ ಉಳಿಯದಿದ್ದಲ್ಲಿ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೂ ಕೊಟ್ಟು, ಮುಂದೆ ಹೊಸ ಲಾಗ್ ಪುಸ್ತಕವೋ ಪತ್ರವೋ ಸಿಕ್ಕಾಗ ತಿದ್ದಲು ಅನುಕೂಲವಾಗುವಂತೆ ಪ್ರತಿ ಹಾಳೆಯಲ್ಲಿಯೂ ಅಂಚಿಗೆ ಜಾಗ ಬಿಡಬೇಕು.